ದೋಣಿಯ ಟ್ರಾನ್ಸಮ್ ಕೊಳೆತರೆ ಸ್ವತಃ ದುರಸ್ತಿ ಹೇಗೆ?

ದೋಣಿಯ ಹಿಂಬದಿಯನ್ನು ಮುಚ್ಚುವ ಅಡ್ಡಗೋಡೆಗೆ ಟ್ರಾನ್ಸಮ್ ಎಂದು ಹೆಸರು. ಔಟ್‌ಬೋರ್ಡ್ ಎಂಜಿನ್‌ನ ಭಾರ ಹಾಗೂ ನೂಕುಬಲ ಎರಡನ್ನೂ ಹೊರುವ ಭಾಗವಿದು. ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ಅವಧಿಯಲ್ಲಿ 10 ಅಶ್ವಶಕ್ತಿಯವರೆಗಿನ ಎಂಜಿನ್ ಹೊತ್ತ ನಾಡದೋಣಿಗಳು ಕಡಲಿಗಿಳಿಯುತ್ತವೆ. ಮಳೆಗಾಲದ ಅಲೆಗಳ ನಡುವೆ ಟ್ರಾನ್ಸಮ್ ಬಿರಿದರೆ ಎಂಜಿನ್ ಕಡಲುಪಾಲಾಗುವುದಲ್ಲದೆ ಜೀವಕ್ಕೂ ಅಪಾಯವಿದೆ.

ಕಾರಣ: ಅನೇಕ ಫೈಬರ್ ದೋಣಿಗಳಲ್ಲಿ ಟ್ರಾನ್ಸಮ್‌ನ ಎರಡು ಫೈಬರ್ ಪದರಗಳ ನಡುವೆ ಪ್ಲೈವುಡ್ ಇರುತ್ತದೆ. ಬೋಲ್ಟ್ ರಂಧ್ರಗಳ ಮೂಲಕ ನೀರು ಒಳಸೇರಿದರೆ ಶಿಲೀಂಧ್ರ ಬೆಳೆದು ಮರ ಲಡ್ಡಾಗುತ್ತದೆ. ಹೊರಮೈ ಮಾತ್ರ ಹೊಸದರಂತೆಯೇ ಕಾಣುತ್ತಿರುತ್ತದೆ.

ಪರೀಕ್ಷೆ: ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಮಂಕಾದ ಸದ್ದು ಬಂದರೆ ಸಂಶಯಪಡಬೇಕು. ಒಳಬದಿಯಿಂದ ಸಣ್ಣ ರಂಧ್ರ ಕೊರೆದಾಗ ಕಪ್ಪಗಿನ ಒದ್ದೆ ಹೊಟ್ಟು ಬಂದರೆ ಕೊಳೆತಿರುವುದು ಖಚಿತ.

ಯಾವ ಪ್ಲೈವುಡ್?: ಇದಕ್ಕೆ ಭಾರತೀಯ ಮಾನಕ ಐಎಸ್ 710ರ ಮೆರೈನ್ ಪ್ಲೈವುಡ್ಡೇ ಬೇಕು. ಇದರ ಅಂಟು 72 ಗಂಟೆ ಕುದಿಸಿದರೂ ಬಿಡಬಾರದೆಂಬುದು ನಿಯಮ. ಪೀಠೋಪಕರಣಗಳಿಗೆ ಬಳಸುವ ಐಎಸ್ 303ರ ಹಲಗೆ ಇಲ್ಲಿ ಸಲ್ಲದು. ಬೆಂಗಳೂರಿನ ಯಶವಂತಪುರ ಬಳಿ ತುಮಕೂರು ರಸ್ತೆಯಲ್ಲಿರುವ, 'ಇಪಿರ್ಟಿ' ಎಂದೇ ಪರಿಚಿತವಾದ ಪ್ಲೈವುಡ್ ಸಂಶೋಧನಾ ಸಂಸ್ಥೆಯು 1962ರಲ್ಲಿ ಆರಂಭವಾಗಿದ್ದು, ದಶಕಗಳ ಕಾಲ ಇಂತಹ ಹಲಗೆಗಳ ಪರೀಕ್ಷೆ ಹಾಗೂ ತರಬೇತಿಯನ್ನು ನಡೆಸಿದೆ.

ದುರಸ್ತಿ ಕ್ರಮ:

1. ಎಂಜಿನ್ ಕಳಚಿ, ದೋಣಿಗೆ ಸಮತಟ್ಟಾದ ಆಧಾರ ಕೊಡಬೇಕು.

2. ಒಳಬದಿಯ ಫೈಬರ್ ಪದರವನ್ನು ಕತ್ತರಿಸಿ, ಕೊಳೆತ ಮರವನ್ನು ಪೂರ್ತಿ ತೆಗೆಯಬೇಕು. ಆಕಾರ ಕೆಡದಂತೆ ಹೊರಪದರವನ್ನು ಉಳಿಸಿಕೊಂಡು ಚೆನ್ನಾಗಿ ಒಣಗಿಸಬೇಕು.

3. ಮೊದಲಿದ್ದಷ್ಟೇ ದಪ್ಪ ಬರುವಂತೆ ಪ್ಲೈವುಡ್ ಕತ್ತರಿಸಿ, ಅಂಚುಗಳಿಗೂ ಎಪಾಕ್ಸಿ ಹೀರಿಸಿ, ಗಾಳಿ ಉಳಿಯದಂತೆ ಅಂಟಿಸಿ ಕ್ಲಾಂಪ್ ಬಿಗಿಯಬೇಕು.

4. ಮೂಲೆಗಳನ್ನು ದುಂಡಾಗಿ ತುಂಬಿ, ಫೈಬರ್ ಬಟ್ಟೆಯನ್ನು ದೋಣಿಯ ಪಕ್ಕ ಹಾಗೂ ತಳದ ಮೇಲೂ ಹರಡುವಂತೆ ಪದರ ಪದರವಾಗಿ ಹಾಕಬೇಕು.

5. ಬೋಲ್ಟ್ ರಂಧ್ರಗಳನ್ನು ಅಗತ್ಯಕ್ಕಿಂತ ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಬಳಿಕ ಸರಿಯಾದ ಅಳತೆಗೆ ಮತ್ತೆ ಕೊರೆಯಬೇಕು. ಇದನ್ನು ಬಿಟ್ಟರೆ ನೀರು ಪುನಃ ಮರವನ್ನು ತಲುಪುತ್ತದೆ.

ಎಚ್ಚರಿಕೆ: ಉಜ್ಜುವಾಗ ಮುಖಗವಸು, ಕನ್ನಡಕ ಹಾಗೂ ಕೈಗವಸು ಕಡ್ಡಾಯ. ಎಪಾಕ್ಸಿ ಬದಲು ಪಾಲಿಯೆಸ್ಟರ್ ರೆಸಿನ್ ಬಳಸುವವರು ಕೋಬಾಲ್ಟ್ ಮತ್ತು ಕ್ಯಾಟಲಿಸ್ಟ್ ದ್ರವಗಳನ್ನು ಎಂದಿಗೂ ನೇರವಾಗಿ ಬೆರೆಸಬಾರದು, ಸ್ಫೋಟ ಸಂಭವಿಸಬಹುದು. ರೆಸಿನ್‌ಗೆ ಮೊದಲು ಕೋಬಾಲ್ಟ್ ಹಾಕಿ ಚೆನ್ನಾಗಿ ಕಲಕಿದ ಮೇಲೆಯೇ ಕ್ಯಾಟಲಿಸ್ಟ್ ಸೇರಿಸಬೇಕು. ಕೊಳೆತವು ದೋಣಿಯ ತಳದ ಪಟ್ಟಿಗಳವರೆಗೂ ಹಬ್ಬಿದ್ದರೆ ಅನುಭವಿ ದೋಣಿ ಕುಶಲಕರ್ಮಿಗಳಿಗೆ ಒಪ್ಪಿಸುವುದು ಕ್ಷೇಮ.