ಸಮುದ್ರದಾಚೆಯ ಸ್ನೇಹ

ಹುಬ್ಬಳ್ಳಿಯಿಂದ ಕಲಘಟಗಿಯ ದಿಕ್ಕಿಗೆ ಸಾಗುವಾಗ ಎರೆಯ ನೆಲವು ತನ್ನ ಕಪ್ಪನ್ನು ಮೆಲ್ಲಮೆಲ್ಲನೆ ನೀಗಿಕೊಂಡು ಕೆಂಪಿಗೆ ತಿರುಗುವ, ಜೋಳದ ಹೊಲಗಳು ಹಿಂದುಳಿದು ಬತ್ತದ ಗದ್ದೆಗಳು ಕಾಣತೊಡಗುವ ಮಲೆನಾಡಿನ ಸೆರಗಿನಲ್ಲಿ ಮಿಶ್ರಿಕೋಟಿ ನೆಲೆಸಿದೆ. ಪೇಶ್ವೆಯರ ಪ್ರಭುತ್ವ ಕುಸಿಯುತ್ತಿದ್ದ 1818ರ ಆರಂಭದಲ್ಲಿ ಕಂಪನಿಯ ಸೇನಾನಿ ಥಾಮಸ್ ಮನ್ರೋ ಹುಬ್ಬಳ್ಳಿಯ ಕೋಟೆಯನ್ನು ವಶಮಾಡಿಕೊಂಡು, ಬೆನ್ನಿಗೇ ಈ ಊರಿನ ಕೋಟೆಯನ್ನೂ ಕೈವಶಮಾಡಿಕೊಂಡನು. ಕೋಟೆ ಗೆದ್ದವರ ವೃತ್ತಾಂತವನ್ನು ಸರಕಾರದ ದಫ್ತರಗಳು ಜೋಪಾನವಾಗಿ ಕಾಯ್ದಿರಿಸಿವೆ. ಎರಡು ದಶಕಗಳ ತರುವಾಯ ಇದೇ ಸೀಮೆಗೆ ಬಂದು, ದಿಕ್ಕುಗಾಣದ ತರುಣರ ಸ್ನೇಹವನ್ನು ಅರಸಿದ ಬೇರೊಂದು ಬಗೆಯ ಪರದೇಶಿಗಳ ವೃತ್ತಾಂತವನ್ನು ಮಾತ್ರ ನಮ್ಮ ಕಡೆಯವರು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ. ಹೇಳಿಕೊಳ್ಳಬೇಕೆಂಬುದು ನನ್ನ ಆಸೆ.

ಆಂಗ್ಲರಲ್ಲದ ಕ್ರೈಸ್ತಪ್ರಚಾರಕರಿಗೂ ಈ ದೇಶದ ಬಾಗಿಲು ತೆರೆದದ್ದು 1833ರ ಶಾಸನದಿಂದ. ಮರುವರ್ಷವೇ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ 1841ರಲ್ಲಿ ಬೆಟಗೇರಿಯಲ್ಲಿಯೂ ಅವರ ಠಾಣ್ಯಗಳು ನಿಂತವು. ಮೊದಮೊದಲು ಅವರ ಲಕ್ಷ್ಯವೆಲ್ಲ ಜನಸಮೂಹದ ಮೇಲಿತ್ತು. ಊರಿಗೆ ಊರೇ ತಮ್ಮ ಕಡೆಗೆ ಬಂದೀತೆಂಬ ಭರವಸೆಯಿಂದ ಬೆಟಗೇರಿಯ ಸಮೀಪದ ಮಲ್ಲಸಮುದ್ರದಲ್ಲಿ ಕ್ರೈಸ್ತ ಒಕ್ಕಲಿಗರಿಗಾಗಿ ಒಂದು ವಸತಿಯನ್ನೇ ಕಟ್ಟಿದರು. ಆದರೆ ನಿರೀಕ್ಷಿಸಿದ ಸಮೂಹ ಬರಲೇ ಇಲ್ಲ. ಸಂತೆಯಲ್ಲಿ ನಿಂತು ಗಂಟಲು ಹರಿಯುವಂತೆ ಮಾಡಿದ ಉಪದೇಶಕ್ಕೆ ಸಿಗದ ಫಲವು, ಶಾಲೆಯ ಪಾಠ ಮುಗಿದ ಮೇಲೂ ಮನೆಗೆ ಹೋಗದೆ ಪ್ರಶ್ನೆ ಕೇಳುತ್ತ ಕುಳಿತ ಒಬ್ಬಿಬ್ಬರು ಹುಡುಗರಲ್ಲಿ ಅವರಿಗೆ ದೊರಕಿತು.

ಅಂತಹ ಹುಡುಗರಲ್ಲೊಬ್ಬ, ಕರಾವಳಿಯಲ್ಲಿ ಅವರಿಗೆ ದೊರೆತ ಆನಂದರಾವ್ ಕೌಂಡಿನ್ಯ. 1825ರಲ್ಲಿ ಸಾರಸ್ವತ ಬ್ರಾಹ್ಮಣ ಕುಲದಲ್ಲಿ ಹುಟ್ಟಿದ ಈತನು ಮಂಗಳೂರಿನಲ್ಲಿ ಮಿಶನ್ನಿನ ಇಂಗ್ಲಿಷ್ ಶಾಲೆಗೆ ಸೇರಿದನು. ಅಲ್ಲಿ ಅವನಿಗೆ ದೊರೆತ ಗುರು ಹರ್ಮನ್ ಮೋಗ್ಲಿಂಗ್. ಟ್ಯೂಬಿಂಗೆನ್ನಿನಲ್ಲಿ ವಿದ್ಯೆ ಕಲಿತು 1836ರಲ್ಲಿ ಕನ್ನಡ ನಾಡಿಗೆ ಬಂದ ಮೋಗ್ಲಿಂಗರು 1843ರ ಜುಲೈ 1ರಂದು 'ಮಂಗಳೂರ ಸಮಾಚಾರ'ವನ್ನು ಹೊರಡಿಸಿ ಕನ್ನಡದ ಪ್ರಥಮ ವೃತ್ತಪತ್ರಿಕೆಯ ಸಂಪಾದಕರೆನಿಸಿದವರು. ಅದು ಕಲ್ಲಚ್ಚಿನ ಪತ್ರಿಕೆ. ಜಿಡ್ಡಿನ ಮಸಿಯಿಂದ ಮೂಡಿಸಿದ ಅಕ್ಷರಗಳನ್ನು ನುಣುಪು ಕಲ್ಲಿನ ಮೇಲೆ ಇಳಿಸಿ, ಕಲ್ಲನ್ನು ಒದ್ದೆಮಾಡಿ, ಶಾಯಿ ಸವರಿ ಕಾಗದವನ್ನು ಒತ್ತಿದರೆ, ನೀರು ಹಿಡಿದ ಭಾಗ ಬಿಳಿಯಾಗಿ ಉಳಿದು ಅಕ್ಷರ ಮಾತ್ರ ಕಾಗದಕ್ಕೆ ಹತ್ತುವುದು. ಆದುದರಿಂದ ಅದರ ಪುಟಗಳಲ್ಲಿ ಅಚ್ಚುಮೊಳೆಯ ಸಮಾನತೆ ಇಲ್ಲ. ಬರೆದವನ ಕೈಯ ಬಳುಕು ಹಾಗೆಯೇ ಉಳಿದಿದೆ. ಇಂತಹ ಪತ್ರಿಕೆ ಪಕ್ಷಕ್ಕೊಮ್ಮೆ ಹೊರಬರುತ್ತಿದ್ದ ದಿನಗಳಲ್ಲಿಯೇ, 1844ರ ಜನವರಿ 6ರಂದು, ಆನಂದರಾವ್ ಇನ್ನಿಬ್ಬರು ಬ್ರಾಹ್ಮಣ ತರುಣರೊಡನೆ ದೀಕ್ಷಾಸ್ನಾನ ಪಡೆದು ಗುರುವಿನ ಹೆಸರನ್ನೇ ಧರಿಸಿ ಹರ್ಮನ್ ಆನಂದರಾವ್ ಕೌಂಡಿನ್ಯನಾದನು.

ಊರು ಕೆರಳಿತು. ಅದು ಕೆರಳಿದ್ದನ್ನು ಬರಿಯ ಅಜ್ಞಾನವೆಂದು ತಳ್ಳಿಹಾಕುವ ಮಿಶನರಿ ವೃತ್ತಾಂತಗಳನ್ನು ನಾನು ಒಪ್ಪಲಾರೆ. ಹದಿನೆಂಟು ಹತ್ತೊಂಬತ್ತರ ಮಗನೊಬ್ಬ ಮನೆ, ಪಂಕ್ತಿ, ಪಿತೃಕಾರ್ಯ ಎಲ್ಲವನ್ನೂ ಒಂದೇ ದಿನದಲ್ಲಿ ತೊರೆದುಹೋದಾಗ ಆ ಮನೆಯ ಒಲೆಯ ಮುಂದೆ ಕುಳಿತವರ ಸಂಕಟಕ್ಕೆ ಅಂತಹ ವೃತ್ತಾಂತಗಳಲ್ಲಿ ಸ್ಥಳ ದೊರೆಯಲಿಲ್ಲ. ಅವನ ಎಳೆಯ ಪತ್ನಿ ಆಗ ಅವನೊಡನೆ ಹೊರಡಲಿಲ್ಲ. ಸ್ನೇಹದ ಬೆಲೆಯನ್ನು ತೆತ್ತವರಲ್ಲಿ ಆ ಸ್ನೇಹವನ್ನು ಬೇಡದೆ ಇದ್ದವರೂ ಸೇರಿದ್ದರು ಎಂಬುದನ್ನು ಈ ಚರಿತ್ರೆ ಬರೆಯುವವನು ಮರೆಯಬಾರದು.

ಹಾಗೆಂದು ಮೋಗ್ಲಿಂಗರು ಹುಡುಗನನ್ನು ಗೆದ್ದು ಕೈಬಿಟ್ಟವರಲ್ಲ. 1846ರಲ್ಲಿ ಅವನನ್ನು ತಮ್ಮೊಡನೆ ಯುರೋಪಿಗೆ ಕರೆದೊಯ್ದರು. ಬಾಸೆಲ್ಲಿನಲ್ಲಿ ವ್ಯಾಸಂಗ ಮಾಡಿದ ಕೌಂಡಿನ್ಯರು 1851ರಲ್ಲಿ ಪಾದ್ರಿಯಾಗಿ ತಾಯ್ನಾಡಿಗೆ ಮರಳಿ, ಕರಾವಳಿಯ ಮಿಶನ್ ವಿದ್ಯಾಲಯದಲ್ಲಿ ಬೋಧಕರಾದರು. ಈ ಅವಧಿಯಲ್ಲಿ ಗುರುವೂ ಬದಲಾದರೆಂಬುದು ನನ್ನ ನಂಬುಗೆ. ಬೋಧಿಸಲು ಬಂದ ಮೋಗ್ಲಿಂಗರು ಜನರ ಬಾಯಿಂದ ಕನ್ನಡ ಗಾದೆಗಳನ್ನು ಕೇಳಿ ಕೂಡಿಸಿದರು. ಕಂಪನಿಯ ಅಧಿಕಾರಿಯಾಗಿದ್ದ ಕಾಸಮೇಜರನ ಧನಸಹಾಯದಿಂದ 1848ರಿಂದ 'ಬಿಬ್ಲಿಯೋಥೆಕಾ ಕರ್ನಾಟಿಕಾ' ಮಾಲೆಯಲ್ಲಿ ಜೈಮಿನಿ ಭಾರತವನ್ನೂ ಬಸವಪುರಾಣವನ್ನೂ ದಾಸರ ಪದಗಳನ್ನೂ ಅಚ್ಚುಹಾಕಿಸಿದರು. ತಾನು ಗೆಲ್ಲಬಂದ ಜನದ ಕಾವ್ಯವನ್ನು ಹೀಗೆ ತಲೆಯ ಮೇಲೆ ಹೊತ್ತು ಮೆರೆಸಿದವನ ಮನಸ್ಸು ಬಂದ ದಿನದ ಮನಸ್ಸಾಗಿ ಉಳಿದಿರಲಾರದು.

ಅವರ ಸ್ವಭಾವವನ್ನು ತೋರುವ ಇನ್ನೊಂದು ಪ್ರಸಂಗ ಕೊಡಗಿನದು. ಸ್ವದೇಶಕ್ಕೆ ಹೊರಡಬೇಕಾಗಿದ್ದ ಹೊತ್ತಿನಲ್ಲಿ ಆಲ್ಮಂಡ ಸೋಮಯ್ಯನೆಂಬ ಕೊಡಗಿನ ಸನ್ನ್ಯಾಸಿ ಮಂಗಳೂರಿನಲ್ಲಿ ಅವರನ್ನು ಕಂಡನು. ಮನೆಮಾರು ಬಿಟ್ಟು ಅಲೆದು ದಣಿದಿದ್ದ ಅವನಿಗೆ ತನ್ನ ಮನೆತನವೂ ಆಸ್ತಿಯೂ ಮರಳಿ ಬೇಕಾಗಿದ್ದವು. ಮೋಗ್ಲಿಂಗರು ಪ್ರಯಾಣವನ್ನೇ ಕೈಬಿಟ್ಟು ಅವನೊಡನೆ ಕೊಡಗಿನ ಬೆಟ್ಟವೇರಿ, 1853ರಿಂದ ಅಲ್ಲಿಯೇ ನಿಂತುಬಿಟ್ಟರು. ಒಡೆಯರ ಗದ್ದೆಗಳಲ್ಲಿ ದುಡಿದು ಬಸವಳಿದಿದ್ದ ಹೊಲೆಯರಿಗಾಗಿ ಅಲ್ಲಿ ಎದ್ದ ಗ್ರಾಮಕ್ಕೆ ಆನಂದಪುರವೆಂದು ಹೆಸರಾಯಿತು.

ಈಚಿನ ವರ್ಷಗಳಲ್ಲಿ ಪರದೇಶಿಗಳ ಇದೇ ಸ್ನೇಹ ಬೇರೆ ವೇಷದಲ್ಲಿ ಬಂದಿದೆ. 2015ರಲ್ಲಿ ಜರ್ಮನಿಯ ಉಲ್ರಿಕೆ ರೈನ್‌ಹಾರ್ಡ್ ಮಧ್ಯಪ್ರದೇಶದ ಪನ್ನಾ ಜಿಲ್ಲೆಯ ಜನವಾರ್ ಎಂಬ ಕುಗ್ರಾಮದಲ್ಲಿ ಸ್ಕೇಟ್‌ಬೋರ್ಡ್ ಅಂಗಳವನ್ನು ಕಟ್ಟಿಸಿದರು. ಅಲ್ಲಿ ವಿಧಿಸಿದ ನಿಯಮ ಎರಡೇ: ಶಾಲೆಗೆ ಹೋಗದವರಿಗೆ ಹಲಗೆಯಿಲ್ಲ, ಹುಡುಗಿಯರಿಗೆ ಮೊದಲ ಸರದಿ. ಜಾತಿಯ ಗೆರೆ ಇನ್ನೂ ಅಳಿಯದ ಆ ಊರಿನಲ್ಲಿ ಆದಿವಾಸಿ ಮಕ್ಕಳೂ ಯಾದವರ ಮಕ್ಕಳೂ ಒಂದೇ ಇಳಿಜಾರಿನಲ್ಲಿ ಬಿದ್ದು ಎದ್ದರು. ನಮ್ಮ ಕಡೆಯ ಹಳ್ಳಿಗಳಲ್ಲಿ ಹುಡುಗರು ಗ್ಯಾರೇಜಿನಿಂದ ಹಳೆಯ ಬೇರಿಂಗ್ ಬೇಡಿ ತಂದು, ಹಲಗೆಗೆ ಮೂರನ್ನು ಬಿಗಿದು, ಕಾಂಕ್ರೀಟ್ ರಸ್ತೆಯ ಮೇಲೆ ಕಿವಿ ಗಡಚಿಕ್ಕುವ ಸದ್ದಿನೊಡನೆ ಜಾರುವುದನ್ನು ಕಂಡವರಿಗೆ, ಅವರ ಬೆನ್ನ ಹಿಂದೆ ಒಬ್ಬ ಹಿರಿಯ ಬಂದು ನಿಂತರೆ ಎಷ್ಟು ಚೆನ್ನಾಗಿತ್ತೆಂದು ಅನಿಸದೆ ಇರದು. ಜನವಾರದ ಕರಾರು ಹುಡುಗರನ್ನು ತಂದೆತಾಯಿಯರಿಂದ ಅಗಲಿಸಲಿಲ್ಲ. 1844ರ ಕರಾರು ಅಗಲಿಸಿತು. ಆದರೆ ಶಾಲೆಗೆ ಬಂದ ಹುಡುಗನ ಜೊತೆಗೆ ವರ್ಷಗಟ್ಟಲೆ ನಡೆಯುವ ತಾಳ್ಮೆಯನ್ನು ಕಾಣಬೇಕಾದರೆ ಈಗಲೂ ಮೋಗ್ಲಿಂಗರ ಕಡೆಗೇ ನೋಡಬೇಕಾಗುತ್ತದೆ.

ಪತ್ನಿಯ ಅನಾರೋಗ್ಯದ ನಿಮಿತ್ತ ಮೋಗ್ಲಿಂಗರು 1860ರಲ್ಲಿ ಭಾರತವನ್ನು ಬಿಟ್ಟರು. 1881ರಲ್ಲಿ ಎಸ್‌ಲಿಂಗೆನ್ನಿನಲ್ಲಿ ತೀರಿಕೊಂಡರು. ಆನಂದಪುರದ ಹೊಣೆಯನ್ನು ಹೊತ್ತುಕೊಂಡವರು ಕೌಂಡಿನ್ಯರೇ. ಜರ್ಮನ್ ಮಹಿಳೆ ಮರೀ ರೈನ್‌ಹಾರ್ಟ್‌ರನ್ನು ಅದೇ 1860ರಲ್ಲಿ ವಿವಾಹವಾದ ಅವರು, ಕಾಫಿಯ ತೋಟವನ್ನೂ ಸಭೆಯನ್ನೂ ನಡೆಸಿಕೊಂಡು, ಗುರುವಿಗಿಂತ ಹನ್ನೆರಡು ವರ್ಷ ಹೆಚ್ಚು ಬದುಕಿ, 1893ರಲ್ಲಿ ನಿಧನರಾದರು.