ಮೈಸೂರಿನ ಎಂಜಿನ್ನು, ಮನೆಯಲ್ಲೇ ಜೋಡಿಸೋ ವಿದ್ಯೆ

ನಾನಿರೋ ಫುಕುವೋಕಾದಲ್ಲಿ, ಹಕಾತಾ ಸ್ಟೇಷನ್ನಿಂದ ಶಿಂಕಾನ್ಸೆನ್ ಹತ್ತಿದ್ರೆ ಒಂದು ಗಂಟೆಯೊಳಗೆ ಕುಮಾಮೊಟೊ. ಅದರ ಹತ್ತಿರದ ಓಝು ಪಟ್ಟಣದಲ್ಲಿ 1976ರಿಂದ ಹೋಂಡಾ ಕಂಪನಿಯ ಕಾರ್ಖಾನೆ ಇದೆ. ಈ ಕಡೆ ಬೈಕ್ ಅಂದ್ರೆ ಮೊದಲು ನೆನಪಾಗೋದು ಅದೇ. ಆದರೆ ಅದಕ್ಕಿಂತ 15 ವರ್ಷ ಮೊದಲೇ ನಮ್ಮ ಮೈಸೂರಲ್ಲಿ ಬೈಕ್ ತಯಾರಾಗ್ತಿತ್ತು. ಆ ಕಥೆಯ ಕೊನೆಯಲ್ಲಿ ಹೋಂಡಾದ ಹೆಸರೂ ಬರುತ್ತೆ.

"ಜಾವಾ" ಅಂದ ಕೂಡಲೇ ನಿಮ್ಮ ಅಪ್ಪನ ಅಥವಾ ಚಿಕ್ಕಪ್ಪನ ಮುಖ ಅರಳೋದನ್ನ ನೀವು ನೋಡಿರಬಹುದು. ಆ ಕಾರ್ಖಾನೆ ಮುಚ್ಚಿ ಹತ್ತಿರ ಹತ್ತಿರ ಮೂವತ್ತು ವರ್ಷ ಆಯ್ತು. ಆದರೂ ಅದರ ಬೈಕುಗಳು ಇನ್ನೂ ಓಡ್ತಿವೆ. ಹೇಗೆ ಅನ್ನೋದಕ್ಕೆ ಉತ್ತರ ಎಂಜಿನ್ನಿನ ಒಳಗೇ ಇದೆ. ಸ್ವಲ್ಪ ಬಿಚ್ಚಿ ನೋಡೋಣ.

ಜಾವಾ ಮೂಲತಃ ಚೆಕೊಸ್ಲೊವಾಕಿಯಾದ್ದು. 1929ರಲ್ಲಿ ಪ್ರಾಗ್‌ನ ಫ್ರಾಂಟಿಶೆಕ್ ಯಾನೆಚೆಕ್ ಜರ್ಮನಿಯ ವಾಂಡರರ್ ಕಂಪನಿಯ ಬೈಕ್ ವಿನ್ಯಾಸ ಕೊಂಡರು. ತಮ್ಮ ಹೆಸರಿನ ಮೊದಲೆರಡು ಅಕ್ಷರ, ವಾಂಡರರ್‌ನ ಮೊದಲೆರಡು ಅಕ್ಷರ ಸೇರಿಸಿ ಬ್ರ್ಯಾಂಡಿಗೆ ಹೆಸರಿಟ್ಟರು. ಭಾರತದಲ್ಲಿ ಇದನ್ನು ತರಿಸಿ ಮಾರುತ್ತಿದ್ದ ಇರಾನಿ ಕುಟುಂಬದ ರುಸ್ತುಂ ಮತ್ತು ಫರೋಖ್ ಇರಾನಿ, ಆಮದು ಕಷ್ಟವಾದಾಗ ಇಲ್ಲೇ ತಯಾರಿಸೋಣ ಅಂತ ಹೊರಟರು. ಅವರು ಆರಿಸಿಕೊಂಡ ಊರು ಮೈಸೂರು. 1960ರಲ್ಲಿ ಐಡಿಯಲ್ ಜಾವಾ ಕಂಪನಿ ಶುರುವಾಯ್ತು, 1961ರಲ್ಲಿ ಯಾದವಗಿರಿಯ ಕಾರ್ಖಾನೆಯಿಂದ ಬೈಕುಗಳು ಹೊರಬಂದವು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅವರೇ ಕಾರ್ಖಾನೆಯನ್ನು ಉದ್ಘಾಟಿಸಿದ್ದು. 1973ರಿಂದ ಅದೇ ಕಾರ್ಖಾನೆಯ ಬೈಕುಗಳು ಯೆಜ್ಡಿ ಅನ್ನೋ ಹೆಸರಲ್ಲಿ ಮಾರುಕಟ್ಟೆಗೆ ಬಂದವು.

ಈಗ ಎಂಜಿನ್ನಿಗೆ ಬರೋಣ. ಹಳೇ ಜಾವಾ 250ರಲ್ಲಿ ಸಿಲಿಂಡರ್ ಒಂದೇ, ಆದರೆ ಸೈಲೆನ್ಸರ್ ಎರಡು. ಬೋರ್ 65 ಮಿಲಿಮೀಟರ್, ಸ್ಟ್ರೋಕ್ 75. ಲೆಕ್ಕ ಹಾಕಿದ್ರೆ ಸುಮಾರು 248.9 ಸಿಸಿ. ಟೂ ಸ್ಟ್ರೋಕ್ ಆದ್ದರಿಂದ ವಾಲ್ವ್ ಇಲ್ಲ, ವಾಲ್ವ್ ಎತ್ತೋ ಕ್ಯಾಮ್ ಇಲ್ಲ. ಪೆಟ್ರೋಲಿಗೇ ಎಣ್ಣೆ ಬೆರೆಸಿ ಹಾಕಬೇಕು. ಕಿಕ್ ಹೊಡೆಯೋಕೂ ಗೇರ್ ಹಾಕೋಕೂ ಒಂದೇ ಲಿವರ್. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದ್ರೆ ಅದೇ ಗೇರ್ ಲಿವರ್ ಕಿಕ್ಕರ್ ಆಗುತ್ತೆ. ಗೇರ್ ಲಿವರ್ ಒತ್ತಿದಾಗ ಕ್ಲಚ್ ತಾನೇ ಬಿಡುವ ವ್ಯವಸ್ಥೆಯೂ ಇತ್ತು.

ಎಂಜಿನ್ನು, ಗೇರ್ ಬಾಕ್ಸು ಎರಡೂ ಒಂದೇ ಕೇಸಿನೊಳಗೆ ಇರ್ತವೆ. ಆ ಕೇಸು ಎಡ ಮತ್ತು ಬಲ ಎರಡು ಹೋಳು. ಹಾಗಾಗಿ ಒಂದು ಸಣ್ಣ ಗೇರ್ ಚಕ್ರ ಬದಲಾಯಿಸಬೇಕಾದ್ರೂ ಎಂಜಿನ್ ಇಳಿಸಿ, ಹೆಡ್ಡು, ಬೋರು, ಪಿಸ್ಟನ್ನು ಎಲ್ಲ ತೆಗೆದು ಕೇಸು ಬಿಡಿಸಬೇಕು. ಇದು ಕಷ್ಟ, ನಿಜ. ಆದರೆ ಒಮ್ಮೆ ಬಿಚ್ಚಿದವನಿಗೆ ಇಡೀ ಯಂತ್ರ ಒಟ್ಟಿಗೇ ಕಣ್ಣಿಗೆ ಬೀಳುತ್ತೆ.

ಬಿಚ್ಚೋದು ಸುಲಭ, ಜೋಡಿಸೋದೇ ಕೆಲಸ. ಮೊದಲು ಎಲ್ಲಾ ಭಾಗ ಸೀಮೆಎಣ್ಣೆಯಲ್ಲಿ ತೊಳೆದು, ಬಿಚ್ಚಿದ ಕ್ರಮದಲ್ಲೇ ಬಟ್ಟೆ ಮೇಲೆ ಸಾಲಾಗಿ ಇಡಬೇಕು. ಗೇರ್ ಶಾಫ್ಟಿನ ತೆಳು ವಾಷರ್ ಒಂದು ಕಳೆದುಹೋದ್ರೂ ಗೇರ್ ಸರಿಯಾಗಿ ಬೀಳಲ್ಲ. ಬೇರಿಂಗ್ ಕೂರಿಸೋಕೆ ಸುತ್ತಿಗೆ ಎತ್ತಬೇಡಿ. ಕೇಸನ್ನು ಹದವಾಗಿ ಬಿಸಿ ಮಾಡಿ. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತೆ, ಬೇರಿಂಗ್ ತಾನಾಗೇ ಇಳಿದು ಕೂರುತ್ತೆ. ಆಮೇಲೆ ಒಂದು ಹೋಳಿನಲ್ಲಿ ಕ್ರ್ಯಾಂಕು, ಗೇರ್ ಶಾಫ್ಟು, ಫೋರ್ಕುಗಳನ್ನ ಇಟ್ಟು, ಇನ್ನೊಂದು ಹೋಳು ಮುಚ್ಚಬೇಕು. ಬೋರು ಕೂರಿಸೋಕೆ ಮುಂಚೆ ನಾಲ್ಕೂ ಗೇರು ಕೈಯಲ್ಲೇ ಹಾಕಿ ನೋಡಿ. ಈಗ ಬೀಳದ ಗೇರು ರಸ್ತೆಯಲ್ಲೂ ಬೀಳಲ್ಲ.

ಎಲ್ಲಕ್ಕಿಂತ ಮುಖ್ಯ ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲು, ಗಾಳಿ ಮೊದಲು ಕ್ರ್ಯಾಂಕ್ ಕೇಸಿಗೆ ಬಂದು, ಅಲ್ಲಿ ಒತ್ತಡಕ್ಕೆ ಸಿಕ್ಕಿ ಮೇಲಕ್ಕೆ ಹೋಗುತ್ತೆ. ಕೇಸು ಅಲ್ಲಿ ಪಂಪಿನ ಕೆಲಸ ಮಾಡುತ್ತೆ. ಸೀಲು ಹಳತಾಗಿ ಹೊರಗಿನ ಗಾಳಿ ಒಳಗೆ ನುಗ್ಗಿದ್ರೆ ಮಿಶ್ರಣದಲ್ಲಿ ಪೆಟ್ರೋಲು, ಎಣ್ಣೆ ಎರಡೂ ಕಮ್ಮಿಯಾಗಿ, ಎಂಜಿನ್ ಕಾದು, ಪಿಸ್ಟನ್ ಹಿಡ್ಕೊಳ್ಳುತ್ತೆ. ಗೇರ್ ಎಣ್ಣೆ ಒಳಗೆ ಬಂದ್ರೆ ಸೈಲೆನ್ಸರ್ ತುಂಬಾ ಬಿಳಿ ಹೊಗೆ. ಪಿಸ್ಟನ್ನಿನ ಕಾಲುವೆಯಲ್ಲಿ ಒಂದು ಪುಟ್ಟ ಪಿನ್ನು ಇರುತ್ತೆ. ರಿಂಗಿನ ಬಾಯಿ ಅದಕ್ಕೆ ಸರಿಯಾಗಿ ಕೂರಬೇಕು. ಇಲ್ಲದಿದ್ರೆ ಬೋರು ಹಾಕುವಾಗಲೇ ರಿಂಗು ಮುರಿಯುತ್ತೆ.

ಮನೆಯಲ್ಲಿ ಆಗದ ಎರಡು ಕೆಲಸ ಇವೆ. ಸವೆದ ಬೋರನ್ನು ಕೊರೆಸಿ ದೊಡ್ಡ ಸೈಜಿನ ಪಿಸ್ಟನ್ ಹಾಕಿಸೋದು, ಒತ್ತಿ ಕೂಡಿಸಿದ ಕ್ರ್ಯಾಂಕನ್ನು ಬಿಡಿಸಿ ಹೊಸ ಕನೆಕ್ಟಿಂಗ್ ರಾಡ್ ಹಾಕಿಸೋದು. ಇವಕ್ಕೆ ವರ್ಕ್‌ಶಾಪ್ ಬೇಕೇ ಬೇಕು. ಉಳಿದದ್ದಕ್ಕೆ ಸ್ಪ್ಯಾನರ್ ಸೆಟ್ಟು, ಒಂದೆರಡು ಪುಲ್ಲರ್, ತಾಳ್ಮೆ ಸಾಕು. ಫುಕುವೋಕಾದ ಹೋಮ್ ಸೆಂಟರ್‌ಗೆ ಹೋದ್ರೆ ಬೋಲ್ಟ್ ಬಿಗಿಸೋಕೆ ಟಾರ್ಕ್ ರೆಂಚ್ ಸಿಗುತ್ತೆ. ನಮ್ಮೂರಿನ ಗ್ಯಾರೇಜುಗಳಲ್ಲಿ ಆ ಅಳತೆ ಮೆಕ್ಯಾನಿಕ್ಕಿನ ಮಣಿಕಟ್ಟಿನಲ್ಲಿ ಇರ್ತಿತ್ತು.

1980ರ ದಶಕದಲ್ಲಿ ಗಾಳಿ ಬದಲಾಯ್ತು. ಜಪಾನಿ ಕಂಪನಿಗಳ ಜೊತೆ ಸೇರಿ ಭಾರತದಲ್ಲಿ 100 ಸಿಸಿ ಬೈಕುಗಳ ತಯಾರಿ ಶುರುವಾಯ್ತು. ನಮ್ಮ ಗಡಿಯಾಚೆಯ ಹೊಸೂರಿನಿಂದ ಇಂಡ್-ಸುಜುಕಿ ಬಂತು. 1985ರಲ್ಲಿ ಹೀರೋ ಹೋಂಡಾ ಸಿಡಿ 100, ಯಮಾಹಾ ಆರ್‌ಎಕ್ಸ್ 100 ಬಂದವು. ಹೀರೋ ಹೋಂಡಾದ ಫೋರ್ ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಲ್ಲಿ ಎಣ್ಣೆ ಬೆರೆಸೋ ರಗಳೆ ಇಲ್ಲ, ಮೈಲೇಜಂತೂ ಎಷ್ಟೋ ಪಾಲು ಹೆಚ್ಚು. ತಿಂಗಳ ಸಂಬಳದಲ್ಲಿ ಪೆಟ್ರೋಲ್ ಲೆಕ್ಕ ಹಾಕೋ ಮನೆಗಳು ಯಾವುದನ್ನ ಕೊಂಡಿರಬಹುದು, ನೀವೇ ಹೇಳಿ. ಹೊಗೆಯ ನಿಯಮಗಳೂ ಬಿಗಿಯಾಗ್ತಾ ಬಂದವು. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. ಕೆಲಸಗಾರರ ಮನೆಗಳಿಗೆ ಅದು ಬರೀ ಬೈಕಿನ ಕಥೆ ಆಗಿರಲಿಲ್ಲ, ಅನ್ನದ ಕಥೆ.

ಹೊಸ ಬಿಡಿಭಾಗ ಬರೋದು ನಿಂತ ಮೇಲೂ ಈ ಬೈಕುಗಳು ಉಳಿದದ್ದು ಅವನ್ನ ಬಿಚ್ಚಿ ಜೋಡಿಸೋಕೆ ಗೊತ್ತಿದ್ದವರಿಂದ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳು, ಶಿವಾಜಿನಗರದ ಗುಜರಿ, ಊರೂರಿನ ಹಳೇ ಮೆಕ್ಯಾನಿಕ್ಕುಗಳು, ರಜೆ ದಿನ ಅಂಗಳದಲ್ಲಿ ಗೋಣಿಚೀಲ ಹಾಸಿ ಕೂರೋ ಮಾಲೀಕರು. ಅವರಲ್ಲಿ ಬಹಳ ಜನ ಕಲಿತದ್ದು ಪುಸ್ತಕದಿಂದ ಅಲ್ಲ, ಪಕ್ಕದಲ್ಲಿ ಕೂತು ನೋಡಿ. ಪ್ರತಿ ವರ್ಷ ಜುಲೈ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನದಂದು ಬೆಂಗಳೂರಿನ ರಸ್ತೆಗೆ ಇಳಿಯೋ ಹಳೇ ಬೈಕುಗಳ ಹಿಂದೆ ಈ ಕೈಗಳಿವೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ಹೊಸ ಕಂಪನಿಯಿಂದ ಮಾರುಕಟ್ಟೆಗೆ ಮರಳಿವೆ. ಆದರೆ ಅವು ಫೋರ್ ಸ್ಟ್ರೋಕ್ ಬೈಕುಗಳು, ಒಳಗಿನ ಯಂತ್ರವೇ ಬೇರೆ.

ಈ ವಿದ್ಯೆಗೆ ಅದರದೇ ಕನ್ನಡ ಇದೆ. ಎಂಜಿನ್ "ಇಳಿಸೋದು", ಗೇರ್ "ಬೀಳೋದು", ಪಿಸ್ಟನ್ "ಹಿಡ್ಕೊಳ್ಳೋದು", ಕೇಸಿನ ಮಧ್ಯೆ ಹಾಕೋ ಕಾಗದಕ್ಕೆ "ಪ್ಯಾಕಿಂಗ್". ಇದು ನಿಮ್ಮ ಪಾಠದ ಪುಸ್ತಕದಲ್ಲಿ ಸಿಗಲ್ಲ. ಮುಂದಿನ ಸಲ ಊರಿಗೆ ಫೋನ್ ಮಾಡಿದಾಗ, ಜಾವಾ ಓಡಿಸಿದ ಹಿರಿಯರು ಯಾರಾದ್ರೂ ಸಿಕ್ಕರೆ, ಬೈಕ್ ಹೇಗಿತ್ತು ಅಂತ ಕೇಳಬೇಡಿ. "ನಿಮ್ಮ ಗಾಡಿ ಎಂಜಿನ್ ಇಳಿಸಿದ್ದು ಯಾರು?" ಅಂತ ಕೇಳಿ. ಕೈಯಲ್ಲಿ ಒಂದು ಗಂಟೆ ಬಿಡುವು ಇಟ್ಕೊಂಡೇ ಕೇಳಿ.