ಹಾಡು ಯಾರದು? ನಮ್ಮ ಕೇರಿ ಹುಡುಗೂರು ಹಾಡು ಕಟ್ಟಿದ ಕತೆ

ಪೋಸ್ಟ್ ಉದ್ದ ಆಗೇತಿ, ಪುರಸೊತ್ತು ಮಾಡಿಕೊಂಡು ಓದ್ರಿ.

ಏಪ್ರಿಲ್ 14 ಹತ್ತಿರ ಬಂತಂದ್ರ ನಮ್ಮ ಹುಬ್ಬಳ್ಳಿ-ಧಾರವಾಡದ ಕೇರಿಗಳಲ್ಲಿ ಮಕ್ಕಳಿಗೆ ಹಾಡು ಕಲಿಸುವ ಗಡಿಬಿಡಿ ಶುರು. ಹಾಡು ಆರಿಸುವವರು ನಾವು, ಬಾಯಿಪಾಠ ಮಾಡುವವರು ಅವರು. ಎಷ್ಟೋ ವರ್ಷ ನಾನೂ ಇದನ್ನೇ ಮಾಡಿದೆ. ಮಕ್ಕಳೇ ಹಾಡು ಕಟ್ಟಲಿ ಅನ್ನೋದು ಯಾಕೆ ಹೊಳೆಯಲಿಲ್ಲ? ಇದಕ್ಕೆ ಉತ್ತರ ನಮ್ಮ ಹಾಡಿನ ಚರಿತ್ರೆಯಲ್ಲೇ ಇದೆ.

ನಮ್ಮವರಿಗೆ ಹಾಡು ಬರುತ್ತಿರಲಿಲ್ಲ ಅಂತಲ್ಲ. ಹಲಗೆ ನಮ್ಮದು, ಚೌಡಿಕೆ ನಮ್ಮದು. ಆದರೆ ಯಾವಾಗ ಬಾರಿಸಬೇಕು, ಯಾರ ಮುಂದೆ ಹಾಡಬೇಕು ಅನ್ನೋದು ನಮ್ಮ ಕೈಯಾಗ ಇರಲಿಲ್ಲ. ಜಾತ್ರೆಗೂ ಹೆಣದ ಮುಂದೂ ಹಲಗೆ ಬಾರಿಸೋದು ಬಿಟ್ಟಿ ಚಾಕರಿ. ಸವದತ್ತಿ ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳ ಕೈಗೆ ಚೌಡಿಕೆ ಬಂತು. ಎಷ್ಟೋ ಮಂದಿಗೆ ಮುತ್ತು ಕಟ್ಟಿದ್ದು ಇನ್ನೂ ಕುಂಟಲಿಪಿ ಆಡುವ ವಯಸ್ಸಿನಲ್ಲಿ. ಅದನ್ನು ನಿಷೇಧಿಸುವ ಕಾಯ್ದೆ ಕರ್ನಾಟಕದಲ್ಲಿ ಬಂದದ್ದು 1982ರಲ್ಲಿ. ಏನು ಹಾಡಲಿ ಅಂತ ಆ ಮಕ್ಕಳನ್ನು ಕೇಳಿದವರು ಯಾರು?

ಆಗ ಧಾರವಾಡ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. 1927ರಲ್ಲಿ ಬಾಬಾಸಾಹೇಬರು ಮಹಾಡ್ ಕೆರೆಯ ನೀರು ಮುಟ್ಟಿದರು. ಮರುವರ್ಷ ಡಿಪ್ರೆಸ್ಡ್ ಕ್ಲಾಸಸ್ ಎಜುಕೇಶನ್ ಸೊಸೈಟಿ ಕಟ್ಟಿದರು. ಅದು ನಡೆಸಿದ ವಿದ್ಯಾರ್ಥಿ ನಿಲಯಗಳಲ್ಲಿ ನಮ್ಮ ಧಾರವಾಡದ್ದೂ ಒಂದು. 1930ರ ದಶಕದಲ್ಲಿ ಅದೇ ಪ್ರಾಂತ್ಯದ ಮರಾಠಿ ಸೀಮೆಯಲ್ಲಿ ಭೀಮರಾವ್ ಕರ್ಡಕ್ ಅಂಥವರು ಅಂಬೇಡ್ಕರಿ ಜಲ್ಸಾ ಮೇಳ ಕಟ್ಟಿಕೊಂಡು ಊರೂರು ತಿರುಗಿದರು. ಧಾಟಿ ಹಳೇ ತಮಾಷಾದ್ದೇ, ಒಳಗಿನ ಮಾತು ಮಾತ್ರ ಬೇರೆ: ಮಕ್ಕಳನ್ನ ಸಾಲಿಗೆ ಕಳಿಸ್ರಿ, ಬಿಟ್ಟಿ ಚಾಕರಿ ಬಿಡ್ರಿ. ಓದು ಬಾರದವರಿಗೂ ಚಳವಳಿ ಮುಟ್ಟಿದ್ದು ಹಿಂಗ.

ಇನ್ನು ನಮ್ಮ ನಾಡಿಗೆ ಬರೋಣ. 1973ರಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದದ್ದಕ್ಕೆ ಗಲಾಟೆ ಎದ್ದು, ದಲಿತ ವಿದ್ಯಾರ್ಥಿಗಳು ಪೆಟ್ಟು ತಿಂದರು, ಬಸವಲಿಂಗಪ್ಪನವರು ಮಂತ್ರಿಗಿರಿ ಬಿಟ್ಟರು. ದಲಿತ ಸಂಘರ್ಷ ಸಮಿತಿ ಹುಟ್ಟಿದ್ದು ಆ ಬಿಸಿಯಲ್ಲೇ. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. ಆಗ ಅವರಿಗೆ 21 ವರ್ಷ, ಹಾಸ್ಟೆಲ್ ಅನ್ನ ತಿಂದು ಓದಿದ ಹುಡುಗ. ನಾವು ಇವತ್ತು ಹಿರಿಯರ ಹಾಡು ಅಂತ ಕೈ ಮುಗಿಯೋ ಹಾಡುಗಳನ್ನು ಕಟ್ಟಿದವರು ಆಗ ಹುಡುಗರೇ! ಅವರ ಕೈಗೆ ಯಾರೂ ಹಾಡು ಬರೆದು ಕೊಟ್ಟಿರಲಿಲ್ಲ.

ಆ ಪೀಳಿಗೆಯ ಕೋಟಿಗಾನಹಳ್ಳಿ ರಾಮಯ್ಯನವರು ಚಳವಳಿಗೆ ಹಾಡು ಬರೆದವರು. ಮುಂದೆ ಕೋಲಾರದ ತೇರಹಳ್ಳಿ ಬೆಟ್ಟದಲ್ಲಿ ಗೆಳೆಯರ ಜೊತೆ ‘ಆದಿಮ’ ಕಟ್ಟಿ, ಮಕ್ಕಳ ನಾಟಕದ ಕಡೆ ಹೊರಳಿದರು. ಈ ದಾರಿ ನನ್ನ ತಲೆಯಲ್ಲಿ ಬಹಳ ದಿನ ಕೊರೀತಿತ್ತು.

ನಾನು ಕವಿ ಅಲ್ಲ, ಆಫೀಸಿನಲ್ಲಿ ಟಪಾಲು ನೋಡುವ ಗುಮಾಸ್ತ. ನಾನು ಸಾಲಿ ಕಲಿಯುವಾಗ ಗ್ಯಾದರಿಂಗ್‌ನಲ್ಲಿ ಹಾಡಲು ಹೆಸರು ಕೊಟ್ಟರೆ ನನ್ನನ್ನು ಖುರ್ಚಿ ಹೊರಲು ಕಳಿಸಿದ್ದರು. ಆ ಸಿಟ್ಟು ಇನ್ನೂ ಇದೆ. ಹೋದ ವರ್ಷ ಭಾನುವಾರಕ್ಕೊಮ್ಮೆ ಕೇರಿ ಮಕ್ಕಳನ್ನು ಕೂಡಿಸಿ, ಗೀಗೀ ಪದದ ಕಟ್ಟು ಹಿಡಿದೆ. ಒಬ್ಬರು ಸಾಲು ಹೇಳೋದು, ಉಳಿದವರು ‘ಗೀಯ ಗೀಯ’ ಅಂತ ಸೊಲ್ಲು ಎತ್ತೋದು. ಅಷ್ಟರೊಳಗ ಮುಂದಿನವರಿಗೆ ಯೋಚನೆ ಮಾಡಾಕ ಟೈಮ್ ಸಿಗ್ತದ. ಚಪ್ಪಾಳೆ ತಾಳಕ್ಕೆ ಕೂತರೆ ಸಾಲು ಉಳೀತು, ಇಲ್ಲಾಂದ್ರ ಬಿಟ್ಟರು. “ನಿನ್ನೆ ನಿಮ್ಮ ಮನ್ಯಾಗ ಏನಾತು?” ಇದೊಂದೇ ನನ್ನ ಪ್ರಶ್ನೆ.

ಮೂರನೇ ವಾರ ಆರನೇತ್ತೆಯ ಒಬ್ಬ ಹುಡುಗಿ ಶುರು ಮಾಡಿದಳು, ಉಳಿದವರು ಕೂಡಿಸಿದರು:

ನಳಾ ಬಂತು ನಳಾ ಬಂತು, ಓಡೋ ತಮ್ಮಾ ಓಡೋ
ಎಂಟು ದಿನಕ್ಕ ಬಂದೈತಿ, ಕೊಡಾ ತಂದು ಹಿಡಿಯೋ
ಅವ್ವ ಹೋದ್ಲು ಕಸಾ ಹೊಡ್ಯಾಕ, ಊರು ಸ್ವಚ್ಛ ಮಾಡಾಕ
ಸಾಲಿ ಗಂಟಿ ಹೊಡದೈತಿ, ನಾ ನಿಂತೇನಿ ನೀರಿಗೆ

ನಾನು ಸುಮ್ಮನಿರಬೇಕಿತ್ತು. ಕಡೆಗೊಂದು ಸಾಲು ಹೋರಾಟ, ಕ್ರಾಂತಿ ಅಂತ ಸೇರಿಸಿದೆ. ಆ ಹುಡುಗಿ ನೋಟ್‌ಬುಕ್ ನೋಡಿ, “ಕಾಕಾ, ಈ ಸಾಲು ನಂದಲ್ಲ, ನಾ ಹಾಡಂಗಿಲ್ಲ” ಅಂದಳು. ಮುಖಕ್ಕೆ ಹೊಡೆದಂಗಾತು. ಖುರ್ಚಿ ಹೊರಿಸಿದವರು ನನ್ನ ಬಾಯಿ ಮುಚ್ಚಿಸಿದ್ದರು. ನಾನು ಅವಳ ಬಾಯಾಗ ನನ್ನ ಮಾತು ತುರುಕಾಕ ಹೋಗಿದ್ದೆ. ಸಾಲು ಹೊಡೆದು ಹಾಕಿದೆ.

ಜಯಂತಿ ದಿನ ಅವರು ಹಲಗೆ ಬಡಿದು ಅದನ್ನೇ ಹಾಡಿದರು. ಪೌರಕಾರ್ಮಿಕ ತಾಯಂದಿರು ಮುಂದೆ ಕೂತಿದ್ದರು. “ಸಾಲಿ ಗಂಟಿ” ಸಾಲಿಗೆ ಒಬ್ಬ ತಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಓಣಿಯವರು ಮಾತಾಡಿದ್ದು ನಮ್ಮ ಭಾಷಣದ ಬಗ್ಗೆ ಅಲ್ಲ, ನೀರಿಗಾಗಿ ಸಾಲಿ ತಪ್ಪಿಸುವ ಮಕ್ಕಳ ಬಗ್ಗೆ. ನೀರು ಇನ್ನೂ ಎಂಟು ದಿನಕ್ಕೇ ಬರ್ತದ, ಅದು ಬೇರೆ ಮಾತು. ಆದರೆ ಈಗ ನಳದ ಮುಂದಿನ ಪಾಳಿಯಲ್ಲಿ ನಿಲ್ಲುವವರು ದೊಡ್ಡವರು.

ಸಂಗಾತಿಗಳಲ್ಲಿ ಒಂದು ವಿನಂತಿ. ಹಿರಿಯರ ಹಾಡು ಬಿಡೋದು ಬ್ಯಾಡ, ಅವು ನಮ್ಮ ಆಸ್ತಿ. ಆದರೆ ಬರುವ ಜಯಂತಿಗೆ ಹತ್ತು ನಿಮಿಷ ಮೈಕ್ ಮಕ್ಕಳಿಗೆ ಬಿಟ್ಟುಕೊಡ್ರಿ. ಅವರ ಭಾಷೆ ತಿದ್ದಬ್ಯಾಡ್ರಿ. ನಿಮ್ಮ ಕೇರಿ ಮಕ್ಕಳು ಏನು ಕಟ್ಟಿದರು ಅಂತ ಕೆಳಗೆ ಬರೀರಿ.

ಜೈ ಭೀಮ್.